ಮಕ್ಕಳ ಎತ್ತರಕ್ಕೆ ಕೂತು ನೋಡಿದ ಮೈಸೂರು

ಈಗ ಸ್ಕ್ರೀನ್ ಮೇಲೆ ಕಾಣುತ್ತಿರುವುದು ರಂಗನತಿಟ್ಟು ಪಕ್ಷಿಧಾಮ. ಮೇ ತಿಂಗಳ ಭಾನುವಾರ, ಬೆಳಿಗ್ಗೆ 9.30. ಮರದ ತುದಿಯಲ್ಲಿ ಒಂದು ಬಣ್ಣದ ಕೊಕ್ಕರೆ ಎರಡೂ ರೆಕ್ಕೆ ಅರ್ಧ ಬಿಚ್ಚಿಕೊಂಡು ನಿಂತಿದೆ, ನೋಡಿ. ಹಾರುವ ಯೋಚನೆ ಅದಕ್ಕಿಲ್ಲ. ರೆಕ್ಕೆಯ ಕೆಳಗೆ, ಗೂಡಿನಲ್ಲಿ ಎರಡು ಮರಿಗಳಿವೆ. ಅವುಗಳ ಮೇಲೆ ಬಿಸಿಲು ಬೀಳದ ಹಾಗೆ ಸೂರ್ಯನಿಗೆ ಬೆನ್ನು ಕೊಟ್ಟು ನಿಂತಿದೆ.

ಹಿಂದೆ ಕೇಳುತ್ತಿರುವ ದನಿ ನನ್ನ ಮಗಳದ್ದು. "ಅಮ್ಮಾ, ಅದು ಮರಿಗಳಿಗೆ ಕೊಡೆ ಹಿಡಿದಿದೆ!"

ಈಗ ಕ್ಯಾಮೆರಾ ಅವಳ ಕಡೆ ತಿರುಗುತ್ತದೆ. ಬಾಯಿ ತೆರೆದಿದೆ, ಕೂದಲು ಕೆದರಿದೆ, ಲೈಫ್ ಜಾಕೆಟ್ ಕಿವಿಯವರೆಗೂ ಬಂದಿದೆ. ಈ ಸಲ ತೆಗೆದ ಅಷ್ಟೂ ಫೋಟೋಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ.

ನಮಸ್ಕಾರ. ಇವತ್ತಿನ ವ್ಲಾಗ್‌ನಲ್ಲಿ ಎರಡು ದಿನದ ಮೈಸೂರು. ನಾನು, ನಮ್ಮ ಮನೆಯವರು, ಅತ್ತೆ, 8 ವರ್ಷದ ಮಗಳು ಚಿನ್ನು, 4 ವರ್ಷದ ಮಗ ಪುಟ್ಟ. ಹಾಸನದಿಂದ ಶನಿವಾರ ಬೆಳಗಿನ ಜಾವವೇ ಕಾರಲ್ಲಿ ಹೊರಟೆವು.

ಹೊರಡುವ ಮುಂಚಿನ ಒಂದು ಮಾತು ಹೇಳಿಬಿಡುತ್ತೇನೆ. ಕಳೆದ ವರ್ಷ ಬೇರೊಂದು ಊರಿಗೆ ಹೋಗಿದ್ದೆವು. ಫೋಟೋ ಚೆನ್ನಾಗಿ ಬರಲಿ ಅಂತ ಮಕ್ಕಳಿಗೆ ಜರಿ ಅಂಚಿನ ಬಟ್ಟೆ ಹಾಕಿಸಿದ್ದೆ. ಬಿಸಿಲಲ್ಲಿ ಅದು ಚುಚ್ಚುತ್ತದೆ ಅಂತ ಮಗಳು ಹೇಳುತ್ತಲೇ ಇದ್ದಳು. "ಇನ್ನೊಂದೇ ಒಂದು, ನಗು, ಈ ಕಡೆ ನೋಡು" ಅಂತ ನಾನೂ ಹೇಳುತ್ತಲೇ ಇದ್ದೆ. ಮಧ್ಯಾಹ್ನದ ಹೊತ್ತಿಗೆ ಅವಳು ಅತ್ತೇಬಿಟ್ಟಳು. ಮನೆಗೆ ಬಂದು ನೋಡಿದರೆ ಇನ್ನೂರು ಫೋಟೋಗಳಲ್ಲಿ ಉಳಿಸಿಕೊಳ್ಳಬೇಕು ಅನಿಸಿದ್ದು ಒಂದೇ. ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು ಇರುವೆ ಸಾಲು ನೋಡುತ್ತಿದ್ದ ಚಿನ್ನು. ಅದನ್ನು ಅವಳ ಅಪ್ಪ ಸುಮ್ನೆ ತೆಗೆದಿದ್ದರು. ಅವಳಿಗೆ ಗೊತ್ತೂ ಇರಲಿಲ್ಲ.

ಅದಕ್ಕೇ ಈ ಸಲ ಜಾಗ ಆರಿಸುವ ರೀತಿಯನ್ನೇ ಬದಲಾಯಿಸಿದೆ. ಫೋಟೋಗೆ ಯಾವ ಜಾಗ ಚಂದ ಅಂತ ಹುಡುಕಲಿಲ್ಲ. ಮಕ್ಕಳು ನಮ್ಮನ್ನು ಮರೆತು ನಿಂತುಬಿಡುವ ಜಾಗ ಯಾವುದು ಅಂತ ಯೋಚಿಸಿದೆ. ಬಟ್ಟೆ ಹತ್ತಿಯದ್ದು. ಮಗಳಿಗೆ ಹಳದಿ, ಮಗನಿಗೆ ಕೆಂಪು. ದೂರದಿಂದಲೂ ಎದ್ದು ಕಾಣುತ್ತವೆ, ಜನಜಂಗುಳಿಯಲ್ಲಿ ಕಣ್ಣಿಡುವುದೂ ಸುಲಭ.

ಮೊದಲು ಮೃಗಾಲಯ. 8.30ಕ್ಕೆ ಬಾಗಿಲು ತೆಗೆಯುವಾಗಲೇ ಒಳಗಿದ್ದೆವು. ರಜೆಯ ದಿನಗಳಲ್ಲಿ 11 ಗಂಟೆ ಮೇಲೆ ಬಂದರೆ ಪ್ರಾಣಿಗಿಂತ ಜನರ ಬೆನ್ನೇ ಜಾಸ್ತಿ ಕಾಣುವುದು. ಮಂಗಳವಾರ ರಜಾ ಇರುತ್ತದೆ, ನೆನಪಿಡಿ. 1892ರಲ್ಲಿ ಚಾಮರಾಜೇಂದ್ರ ಒಡೆಯರ್ ಶುರು ಮಾಡಿಸಿದ್ದು ಇದು. ಮರಗಳೆಲ್ಲ ಅಷ್ಟೇ ಹಳೆಯವೇನೋ ಅನ್ನುವಷ್ಟು ನೆರಳಿದೆ. ನಡೆಯುವುದು ತುಂಬಾ ಇದೆ. ಅತ್ತೆಗೆ ಮಂಡಿ ನೋವು, ಅವರು ಬ್ಯಾಟರಿ ಗಾಡಿ ಹತ್ತಿದರು.

ಜಿರಾಫೆ ಹತ್ತಿರ ಈ ಶಾಟ್ ನೋಡಿ. ಮಗ ನಮಗೆ ಬೆನ್ನು ಹಾಕಿ ನಿಂತಿದ್ದಾನೆ, ತಲೆ ಹಿಂದಕ್ಕೆ ಬಾಗಿ ಟೋಪಿ ಬಿದ್ದುಹೋಗಿದೆ. ಮುಖ ಕಾಣದಿದ್ದರೂ ಜಿರಾಫೆ ಎಷ್ಟು ಎತ್ತರ ಅಂತ ಅವನ ಕತ್ತೇ ಹೇಳುತ್ತಿದೆ, ಅಲ್ವಾ? ನಾನು ನೆಲದ ಮೇಲೆ ಕೂತು ತೆಗೆದೆ. ನಿಂತು ತೆಗೆದಿದ್ದರೆ ಮಗ ಇನ್ನೂ ಕುಳ್ಳಗೆ, ಜಿರಾಫೆಯೂ ಗಿಡ್ಡವಾಗಿ ಕಾಣುತ್ತಿತ್ತು. ಇನ್ನು ಜಾಲರಿ ಇರುವ ಕಡೆ ಒಂದು ಉಪಾಯ ಇದೆ. ಬೇಲಿಯಿಂದ ದೂರದಲ್ಲಿರುವ ಹಕ್ಕಿಯೋ ಪ್ರಾಣಿಯೋ ಆದರೆ, ಮೊಬೈಲ್ ಲೆನ್ಸನ್ನು ಜಾಲರಿಯ ಕಿಂಡಿಗೆ ಹತ್ತಿರ ಹಿಡಿಯಿರಿ. ತಂತಿ ಕಾಣದ ಹಾಗೆ ಮಾಯವಾಗುತ್ತದೆ. ಮೈಮೇಲೆ ಬರುವ ಪ್ರಾಣಿಗಳ ಹತ್ತಿರ ಮಾತ್ರ ಇದು ಬೇಡವೇ ಬೇಡ. ಕೂಗುವುದು, ತಿಂಡಿ ಎಸೆಯುವುದು ಎಲ್ಲಿಯೂ ಬೇಡ.

ಗೊರಿಲ್ಲಾಗಳ ಮುಂದೆ ನಾವು ಅರ್ಧ ಗಂಟೆ ಇದ್ದೆವು. 2021ರಲ್ಲಿ ಜರ್ಮನಿಯಿಂದ ಬಂದ ಎರಡು ಗೊರಿಲ್ಲಾಗಳು. ಒಂದು ಕೈಕಟ್ಟಿ ಕೂತಿತ್ತು. ಪುಟ್ಟನೂ ಕೈಕಟ್ಟಿ ಕೂತ. ಆ ಅರ್ಧ ಗಂಟೆಯಲ್ಲಿ ನಾನು ತೆಗೆದದ್ದು ಒಂದೇ ಫೋಟೋ. ಸಾಕಾಯಿತು.

ಮಧ್ಯಾಹ್ನ ಮೊಸರನ್ನ, ಕೋಡುಬಳೆ, ಸ್ವಲ್ಪ ನಿದ್ದೆ. ಆಮೇಲೆ ರೈಲ್ವೆ ಮ್ಯೂಸಿಯಂ. ಮೈಸೂರು ರೈಲು ನಿಲ್ದಾಣಕ್ಕೆ ಹತ್ತಿರವೇ ಇದೆ. ದೆಹಲಿಯದ್ದಾದ ಮೇಲೆ ದೇಶದಲ್ಲಿ ಎರಡನೆಯದಾಗಿ ಶುರುವಾದ ರೈಲ್ವೆ ಮ್ಯೂಸಿಯಂ, 1979ರದ್ದು. ಮೈಸೂರಿಗೆ ಬಂದವರು ಇದನ್ನು ಬಿಟ್ಟುಬಿಡುತ್ತಾರೆ. ನನಗೆ ಅದು ಬೇಜಾರು. ಸಣ್ಣ ಮಕ್ಕಳಿರುವ ಮನೆಯವರಿಗೆ ಇದಕ್ಕಿಂತ ಒಳ್ಳೆಯ ಸಂಜೆ ಸಿಗುವುದು ಕಷ್ಟ.

ಕಪ್ಪು ಸ್ಟೀಮ್ ಎಂಜಿನ್ ಪಕ್ಕ ಹಳದಿ ಫ್ರಾಕು. ಬಣ್ಣ ನೋಡಿ, ನಾನೇನೂ ಎಡಿಟ್ ಮಾಡಿಲ್ಲ. ಎಂಜಿನ್ ಚಕ್ರ ಹೆಚ್ಚುಕಡಿಮೆ ಮಗಳಷ್ಟೇ ಎತ್ತರ ಇದೆ. ಚಕ್ರದ ಕಡ್ಡಿಗಳನ್ನು ಅವಳು ಒಂದೊಂದಾಗಿ ಮುಟ್ಟಿ ಎಣಿಸುತ್ತಿದ್ದಾಳೆ. ಆ ಕಡೆ ಹಳಿಯ ಮೇಲೆ ನಿಂತಿರುವ ಆಸ್ಟಿನ್ ಕಾರು. ರಸ್ತೆಯ ಕಾರನ್ನೇ ರೈಲು ಹಳಿ ಮೇಲೆ ಓಡುವ ಹಾಗೆ ಮಾಡಿದ್ದಾರೆ. "ಇದಕ್ಕೆ ಸ್ಟೇರಿಂಗ್ ಯಾಕೆ ಬೇಕು?" ಅಂತ ಪುಟ್ಟ ಕೇಳಿದ. ಅವರಪ್ಪ ಅಲ್ಲೇ ಕೂತು, ಹಳಿ ಹೇಗೆ ತಿರುಗುತ್ತದೋ ಗಾಡಿಯೂ ಹಾಗೇ ತಿರುಗುತ್ತದೆ ಅಂತ ಬೆರಳಲ್ಲಿ ನೆಲದ ಮೇಲೆ ಗೆರೆ ಎಳೆದು ತೋರಿಸಿದರು. ಇಬ್ಬರ ತಲೆಯೂ ಒಂದೇ ಕಡೆ ಬಗ್ಗಿದೆ. ಈ ಫೋಟೋ ಫ್ರೇಮ್ ಹಾಕಿಸುತ್ತೇನೆ.

ಮಹಾರಾಣಿಯವರ ಸಲೂನ್ ಅನ್ನುವ ಬೋಗಿ 1899ರದ್ದು. ಅಡುಗೆ ಮನೆ, ಊಟದ ಜಾಗ, ಶೌಚಾಲಯ ಎಲ್ಲ ರೈಲಿನಲ್ಲೇ. ಮಕ್ಕಳಿಗೆ ಶೌಚಾಲಯದ ವಿಷಯವೇ ಎಲ್ಲಕ್ಕಿಂತ ಕುತೂಹಲ. ಅತ್ತೆಗೆ ಅಡುಗೆ ಮನೆಯದ್ದು. "ಓಡೋ ಗಾಡಿಯಲ್ಲಿ ಸಾರು ಹೇಗೆ ಕುದಿಸ್ತಿದ್ರಮ್ಮಾ?" ಅಂತ ನನ್ನನ್ನು ಎರಡು ಸಲ ಕೇಳಿದರು. ಕೊನೆಗೆ ಪುಟಾಣಿ ರೈಲು. ಅದು ಸುತ್ತು ಹೊಡೆದು ಬರುವಾಗ ನಾನು ತಿರುವಿನಲ್ಲಿ ಕಾದು ಕೂತಿದ್ದೆ. ನನ್ನ ಮುಂದೆ ಬಂದಾಗ ಮಕ್ಕಳು ತಾವಾಗಿಯೇ ಕೈ ಬೀಸಿದರು.

ಈಗ ಮತ್ತೆ ರಂಗನತಿಟ್ಟಿಗೆ ಬರೋಣ. ಇದರ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು.

ಶ್ರೀರಂಗಪಟ್ಟಣದ ಹತ್ತಿರ, ಕಾವೇರಿಯ ನಡುವೆ ಇರುವ ನಡುಗಡ್ಡೆಗಳು ಇವು. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ್ ನದಿಗೆ ಅಡ್ಡಕಟ್ಟೆ ಕಟ್ಟಿಸಿದಾಗ ನೀರು ನಿಂತು ಈ ದ್ವೀಪಗಳಾದವು. ಸುತ್ತ ನೀರು, ನೀರಲ್ಲಿ ಮೊಸಳೆ. ಹಾಗಾಗಿ ಬೆಕ್ಕು, ನಾಯಿ, ಮನುಷ್ಯರ ಕಾಟವಿಲ್ಲದೆ ಹಕ್ಕಿಗಳು ಗೂಡು ಕಟ್ಟಲು ಶುರು ಮಾಡಿದವು. ಪಕ್ಷಿತಜ್ಞ ಸಲೀಂ ಅಲಿ ಇಲ್ಲಿಗೆ ಬಂದು ನೋಡಿ, ಈ ಜಾಗವನ್ನು ಕಾಪಾಡಬೇಕು ಅಂತ ಆಗಿನ ಮಹಾರಾಜರಿಗೆ ಹೇಳಿದರು. 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಕರ್ನಾಟಕದ ಮೊದಲ ರಾಮ್ಸಾರ್ ತಾಣ, ಅಂದರೆ ಇಡೀ ಜಗತ್ತಿಗೇ ಮುಖ್ಯವಾದ ಜೌಗು ಪ್ರದೇಶ, ಅನ್ನುವ ಗೌರವವೂ ಸಿಕ್ಕಿತು.

ದೋಣಿಯಲ್ಲಿ ಕೂತ ಮೇಲೆ ಇದೆಲ್ಲ ಮಕ್ಕಳಿಗೆ ಹೇಳಬೇಕು ಅಂತ ತಯಾರಾಗಿದ್ದೆ. ಹೇಳಲಿಲ್ಲ. ಹುಟ್ಟು ನೀರಿಗೆ ಬೀಳುವ ಸದ್ದು, ಮರದ ಮೇಲಿನ ಗಲಾಟೆ, ಬಾವಲಿಗಳ ಕಿಚಪಿಚ. ಮಾತಿಗೆ ಜಾಗವೇ ಇರಲಿಲ್ಲ.

ಈ ಬಿಳಿ ಹಕ್ಕಿಯ ಕೊಕ್ಕು ನೋಡಿ, ತುದಿ ಅಗಲ, ಥೇಟ್ ಚಮಚದ ಹಾಗೆ. ಅದನ್ನು ನೀರಲ್ಲಿ ಅತ್ತಿತ್ತ ಆಡಿಸಿ ಮೀನು, ಹುಳ ಹಿಡಿಯುತ್ತದೆ. ಪುಟ್ಟ ಮನೆಗೆ ಬಂದ ಮೇಲೆ ಮೂರು ದಿನ ಪಾಯಸದ ಬಟ್ಟಲಲ್ಲಿ ಚಮಚ ಹಾಗೇ ಆಡಿಸುತ್ತಿದ್ದ. ಈ ಇನ್ನೊಂದು ಹಕ್ಕಿ ಬಾಯ್ಕಳಕ. ಕೊಕ್ಕು ಮುಚ್ಚಿದರೂ ನಡುವೆ ಒಂದು ಸಂದು ಉಳಿಯುತ್ತದೆ. ಬಸವನಹುಳುವೇ ಅದಕ್ಕೆ ಮುಖ್ಯ ಊಟ.

ಬಂಡೆ ಮೇಲೆ ಮೊಸಳೆ. ಬಾಯಿ ಪೂರ್ತಿ ತೆರೆದುಕೊಂಡು ಕಲ್ಲಿನ ಹಾಗೆ ಮಲಗಿದೆ. ಪುಟ್ಟ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು ದೋಣಿಯವರನ್ನು ಕೇಳಿದ, "ಮಾಮಾ, ಅದಕ್ಕೆ ಹಸಿವಾ?"

"ಹಸಿವಲ್ಲ ಕಣಪ್ಪಾ, ಶೆಕೆಗೆ ಬಾಯಿ ಬುಟ್ಕೊಂಡದೆ" ಅಂದರು ಅವರು.

ನಿಜವೇ. ಮೈ ಬಿಸಿ ಇಳಿಸಿಕೊಳ್ಳಲು ಮೊಸಳೆ ಹಾಗೆ ಬಾಯಿ ತೆರೆದು ಮಲಗುತ್ತದೆ. ಆಮೇಲೆ ಪುಟ್ಟನೂ ಬಾಯಿ ತೆರೆದು ಕೂತ.

ಇಲ್ಲಿ ಫೋಟೋ ತೆಗೆಯುವವರಿಗೆ ಎರಡು ಮಾತು. ಸಾಧ್ಯವಾದಷ್ಟು ಬೆಳಿಗ್ಗೆ ಬನ್ನಿ. ಹೊತ್ತು ಏರಿದರೆ ನೀರಿನ ಹೊಳಪಿಗೆ ಮಕ್ಕಳು ಕಣ್ಣು ಕಿರಿದು ಮಾಡುತ್ತಾರೆ, ಮುಖದಲ್ಲಿ ಕಪ್ಪು ನೆರಳು ಬೀಳುತ್ತದೆ. ಮೊಬೈಲಲ್ಲಿ ದೂರದ ಹಕ್ಕಿಯನ್ನು ಎಳೆದೆಳೆದು ಜೂಮ್ ಮಾಡಬೇಡಿ, ಚುಕ್ಕಿ ಚುಕ್ಕಿಯಾಗಿ ಬರುತ್ತದೆ. ಹಕ್ಕಿ ಚಿಕ್ಕದಾಗಿಯೇ ಇರಲಿ. ಅದನ್ನು ನೋಡುವ ಮಗುವನ್ನು ಹತ್ತಿರದಿಂದ ತೆಗೆಯಿರಿ. ದೋಣಿಯಲ್ಲಿ ಮಾತ್ರ ಯಾರೂ ಎದ್ದು ನಿಲ್ಲಬಾರದು, ಎಂಥಾ ಫೋಟೋಗೂ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ, ವಿಚಾರಿಸಿಕೊಂಡು ಹೊರಡಿ.

ಸಂಜೆ ಅರಮನೆ. ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಸಿಕ್ಕಿ ಹೋಯಿತು. ಈಗಿರುವುದು 1912ರಲ್ಲಿ ಮುಗಿದದ್ದು, ಹೆನ್ರಿ ಇರ್ವಿನ್ ಅವರ ವಿನ್ಯಾಸ. ಒಳಗೆ ನಾವು ಹೋಗಲಿಲ್ಲ. ಎರಡು ದಿನ ಓಡಾಡಿದ ಮಕ್ಕಳನ್ನು ಆ ನೂಕುನುಗ್ಗಲಿಗೆ ಕರೆದುಕೊಂಡು ಹೋಗಲು ಮನಸ್ಸು ಬರಲಿಲ್ಲ. ನಾವು ಬಂದದ್ದು ದೀಪಕ್ಕೆ. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ 7ಕ್ಕೆ ಸುಮಾರು 1 ಲಕ್ಷ ಬಲ್ಬುಗಳು ಒಟ್ಟಿಗೆ ಹತ್ತುತ್ತವೆ. 7.45ರವರೆಗೆ ಇರುತ್ತವೆ.

ಮೇ ತಿಂಗಳಲ್ಲಿ ಬಂದದ್ದಕ್ಕೆ ಇನ್ನೊಂದು ಲಾಭ ಇದೆ. ಡಿಸೆಂಬರಿನಲ್ಲಾದರೆ 7ಕ್ಕೆ ಕಗ್ಗತ್ತಲು. ಮೇನಲ್ಲಿ ಸೂರ್ಯ ಆಗ ತಾನೇ ಮುಳುಗಿರುತ್ತಾನೆ, ಆಕಾಶ ಇನ್ನೂ ಗಾಢ ನೀಲಿ. ಆ ನೀಲಿಯ ಮುಂದೆ ಬಂಗಾರದ ಬಣ್ಣದ ಅರಮನೆ. ಆ ಬಣ್ಣ ಇರುವುದು ಕೆಲವೇ ನಿಮಿಷ.

ನಾವು 6.30ಕ್ಕೇ ಬಂದು ಕೂತೆವು. ಮಕ್ಕಳು ಚುರುಮುರಿ ತಿನ್ನುತ್ತಿದ್ದರು. ಎಲ್ಲರ ಮೊಬೈಲೂ ಅರಮನೆಯ ಕಡೆ. ನಾನು ಅರಮನೆಗೆ ಬೆನ್ನು ಮಾಡಿ, ನಮ್ಮವರ ಎದುರಿಗೆ ಕೂತು ಕಾದೆ. ಪುಟ್ಟ ಅಪ್ಪನ ಹೆಗಲೇರಿದ್ದ. ಚಿನ್ನು ಅಜ್ಜಿಯ ಸೆರಗು ಸುತ್ತಿಕೊಂಡು ನಿಂತಿದ್ದಳು.

ಈಗ ನೋಡಿ. ಕತ್ತಲು. ಕತ್ತಲು. ಬಂತು!

ನಾಲ್ಕು ಮುಖಗಳೂ ಒಂದೇ ಸಲ ಬೆಳಗಿದವು. ಸುತ್ತ ಸಾವಿರಾರು ಜನ "ಹೋ" ಅಂದರು. ಅತ್ತೆಯ ಕಣ್ಣಲ್ಲಿ ನೀರು. ಯಾಕಮ್ಮಾ ಅಂದೆ. "ನಮ್ಮಪ್ಪನೂ ನನ್ನನ್ನ ಹೀಗೇ ಹೆಗಲ ಮೇಲೆ ಕೂರಿಸಿಕೊಂಡು ಜಂಬೂಸವಾರಿ ತೋರಿಸಿದ್ರು. ಎಷ್ಟೊಂದು ವರ್ಷ ಆಯ್ತು" ಅಂದರು. ಆ ಕಾಲದ ಒಂದು ಫೋಟೋವೂ ಅವರ ಹತ್ತಿರ ಇಲ್ಲ. ಚಿನ್ನು ಅದನ್ನು ಕೇಳಿಸಿಕೊಂಡು, "ಅಮ್ಮಾ, ಅಜ್ಜಿದು ತೆಗಿ, ನಂದು ಬೇಡ" ಅಂದಳು.

ಇದು ಆಗ ತೆಗೆದದ್ದು. ಅಜ್ಜಿ ನಮ್ಮ ಕಡೆ ನೋಡುತ್ತಿಲ್ಲ. ಕೈಯಲ್ಲಿ ಚುರುಮುರಿ ಪೊಟ್ಟಣ ಹಾಗೇ ಇದೆ.

7.45ಕ್ಕೆ ದೀಪ ಆರಿತು. ಪುಟ್ಟ ಅಪ್ಪನ ತಲೆ ಮೇಲೆ ಗಲ್ಲ ಊರಿಕೊಂಡು ಕೇಳಿದ, "ಮತ್ತೆ ಹಾಕ್ತಾರಾ?"

"ಮುಂದಿನ ಭಾನುವಾರ" ಅಂದರು ಇವರು.

"ಹಾಗಾದ್ರೆ ಇಲ್ಲೇ ಇರೋಣ" ಅಂದ ಪುಟ್ಟ. ಕಾರು ಶ್ರೀರಂಗಪಟ್ಟಣ ದಾಟುವ ಮುಂಚೆಯೇ ಅವನಿಗೆ ನಿದ್ದೆ ಬಂದಿತ್ತು.