ಎರವಲು ಅಂಗಳದ ಚಾಂಪಿಯನ್ನರು

ಕೇಳುಗರೆಲ್ಲರಿಗೂ ನಮಸ್ಕಾರ.

ಸ್ಪೇನ್ ದೇಶದ ಮ್ಯಾಡ್ರಿಡ್ ನಗರದಿಂದ ದಕ್ಷಿಣಕ್ಕೆ ಸುಮಾರು 20 ಕಿಲೋಮೀಟರ್ ಹೋದರೆ ಫುಯೆನ್ಲಾಬ್ರಾಡಾ ಅಂತ ಒಂದು ಊರು ಸಿಗುತ್ತದೆ. ಪ್ರವಾಸಿಗರು ಹುಡುಕಿಕೊಂಡು ಹೋಗುವ ಊರೇನಲ್ಲ. ದುಡಿಯುವ ಜನರ ಊರು. ಅಲ್ಲೊಂದು ಒಳಾಂಗಣ ಕ್ರೀಡಾಂಗಣ ಇದೆ. ಅದಕ್ಕೆ ಫರ್ನಾಂಡೋ ಮಾರ್ಟಿನ್ ಅವರ ಹೆಸರು. ಸ್ಪೇನ್‌ನಿಂದ ಅಮೆರಿಕದ ಎನ್‌ಬಿಎ ಲೀಗಿಗೆ ಹೋಗಿ ಆಡಿದ ಮೊದಲ ಬ್ಯಾಸ್ಕೆಟ್‌ಬಾಲ್ ಆಟಗಾರ ಅವರು. 1989ರ ಡಿಸೆಂಬರ್‌ನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ ಬರೀ 27 ವರ್ಷ.

ಇವತ್ತು ನಾನು ಹೇಳಹೊರಟಿರುವುದು ಆ ಅಂಗಳದಲ್ಲಿ ಆಡಿದ ಒಂದು ತಂಡದ ಕಥೆ. ಅದು ಸ್ಪೇನಿನ ತಂಡ ಅಲ್ಲ. ಆಗಿನ ಯುಗೊಸ್ಲಾವಿಯದ ರಾಜಧಾನಿ ಬೆಲ್‌ಗ್ರೇಡ್ ನಗರದ ಪಾರ್ಟಿಜಾನ್ ಕ್ಲಬ್. ಸೀಸನ್ 1991–92. ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ. ಇವತ್ತು ಯೂರೋಲೀಗ್ ಅಂತ ಕರೆಯುತ್ತೇವಲ್ಲ, ಅದರ ಹಿಂದಿನ ರೂಪ.

ಬೆಲ್‌ಗ್ರೇಡಿನ ತಂಡ ಸ್ಪೇನಿನಲ್ಲಿ ಯಾಕೆ ತವರು ಪಂದ್ಯ ಆಡಬೇಕಾಯಿತು? ಯುಗೊಸ್ಲಾವಿಯ ಅನ್ನುವ ದೇಶ ಒಡೆಯುತ್ತಿತ್ತು. ಯುದ್ಧ ಶುರುವಾಗಿತ್ತು. ಅಂಥ ಕಡೆ ಹೋಗಿ ಆಡುವುದು ಬೇರೆ ದೇಶದ ತಂಡಗಳಿಗೆ ಅಪಾಯ. ಹಾಗಾಗಿ ಆ ದೇಶದ ಮೂರು ಕ್ಲಬ್‌ಗಳೂ ತಮ್ಮ ತವರು ಪಂದ್ಯಗಳನ್ನು ಹೊರಗೆ ಆಡಬೇಕು ಅಂತ ತೀರ್ಮಾನವಾಯಿತು. ಮೂರೂ ತಂಡಗಳು ಸ್ಪೇನಿಗೆ ಬಂದವು. ಸ್ಪ್ಲಿಟ್ ನಗರದ ತಂಡ ಲಾ ಕೊರುನ್ಯಾದಲ್ಲಿ, ಜಾಗ್ರೆಬ್‌ನ ಸಿಬೋನಾ ಪುಯೆರ್ತೊ ರೆಯಾಲ್‌ನಲ್ಲಿ, ಪಾರ್ಟಿಜಾನ್ ಈ ಫುಯೆನ್ಲಾಬ್ರಾಡಾದಲ್ಲಿ.

ಸ್ಪ್ಲಿಟ್ ಅಂದರೆ ಸಾಮಾನ್ಯ ತಂಡ ಅಲ್ಲ. 1989, 90, 91, ಹೀಗೆ ಸತತ ಮೂರು ವರ್ಷ ಯುರೋಪಿನ ಚಾಂಪಿಯನ್. ಆ ಚಾಂಪಿಯನ್ನರಿಗೇ ಸ್ವಂತ ಊರಿನಲ್ಲಿ ಆಡುವ ಭಾಗ್ಯ ಇಲ್ಲ. ಇನ್ನೊಂದು ಮಾತು. ಸೀಸನ್ ಶುರುವಾದಾಗ ಈ ಮೂರನ್ನೂ ಒಂದೇ ದೇಶದ ಕ್ಲಬ್‌ಗಳು ಅಂತ ಎಣಿಸುತ್ತಿದ್ದರು. 1992ರ ಜನವರಿಯಲ್ಲಿ ಯುರೋಪಿನ ದೇಶಗಳು ಕ್ರೊಯೇಶಿಯಾಗೆ ಸ್ವತಂತ್ರ ದೇಶ ಅಂತ ಮಾನ್ಯತೆ ಕೊಟ್ಟವು. ಸ್ಪ್ಲಿಟ್, ಜಾಗ್ರೆಬ್ ಎರಡೂ ಅಲ್ಲಿಯವು. ಬೆಲ್‌ಗ್ರೇಡ್ ಇರುವುದು ಸೆರ್ಬಿಯಾದಲ್ಲಿ. ಲೀಗ್ ಮುಗಿಯುವುದರೊಳಗೆ ಇವರ ನಡುವೆ ಗಡಿಗೆರೆ ಬಿದ್ದಿತ್ತು.

ಕ್ರಿಕೆಟ್ ನೋಡುವ ನಮಗೆ ಇಂಥದ್ದು ತೀರಾ ಹೊಸದಲ್ಲ. ಲಾಹೋರ್‌ನಲ್ಲಿ ಶ್ರೀಲಂಕಾ ತಂಡದ ಬಸ್ಸಿನ ಮೇಲೆ ದಾಳಿಯಾದ ಮೇಲೆ ಪಾಕಿಸ್ತಾನ ವರ್ಷಗಟ್ಟಲೆ ದುಬೈ, ಶಾರ್ಜಾ, ಅಬುಧಾಬಿಯಲ್ಲಿ ಆಡಿತು. ಅಫ್ಘಾನಿಸ್ತಾನದವರು ನಮ್ಮ ಡೆಹ್ರಾಡೂನ್, ಲಖನೌಗಳನ್ನೇ ತವರು ಮಾಡಿಕೊಂಡರು. ಆದರೆ ಅವು ದೇಶದ ತಂಡಗಳು. ಪಾರ್ಟಿಜಾನ್ ಒಂದು ಊರಿನ ಕ್ಲಬ್. ಪಕ್ಕದ ಬೀದಿಯ ಹುಡುಗ ಸಂಜೆ ಟಿಕೆಟ್ ತಗೊಂಡು ಬಂದು ಕೂಗುತ್ತಾನಲ್ಲ, ಅದೇ ಕ್ಲಬ್ಬಿನ ಉಸಿರು. ಅದನ್ನು ಬಿಟ್ಟು ಹೊರಡಬೇಕಾಯಿತು.

ತಂಡ ಹೇಗಿತ್ತು ಅಂತ ಸ್ವಲ್ಪ ನೋಡೋಣ. ಪೂರ್ತಿ ಎಳೆಯರ ತಂಡ. ಹೊರದೇಶದ ಆಟಗಾರರು ಒಬ್ಬರೂ ಇಲ್ಲ. ಚೆಂಡು ನಡೆಸುವ ಸಾಶಾ ಜೋರ್ಜೆವಿಚ್‌ಗೆ 24 ವರ್ಷ. ಪ್ರೆಡ್ರಾಗ್ ಡ್ಯಾನಿಲೊವಿಚ್‌ಗೆ ಆ ಫೆಬ್ರವರಿಯಲ್ಲಿ 22 ತುಂಬಿತ್ತು. ಎತ್ತರದ ಜೆಲ್ಕೊ ರೆಬ್ರಾಚಾಗೆ 20 ತುಂಬಿದ್ದು ಫೈನಲ್‌ಗೆ ಒಂದು ವಾರ ಮುಂಚೆ. ಇನ್ನೊಬ್ಬರು ಇವೊ ನಾಕಿಚ್. ಹುಟ್ಟಿದ್ದು ಕ್ರೊಯೇಶಿಯಾದ ರಿಯೆಕಾದಲ್ಲಿ, ಆಡಿದ್ದು ಬೆಲ್‌ಗ್ರೇಡಿನ ತಂಡಕ್ಕೆ. ಎರಡೂ ಕಡೆಯವರು ಬಂದೂಕು ಹಿಡಿದ ಆ ವರ್ಷವೂ ಅವರು ತಂಡ ಬಿಡಲಿಲ್ಲ. ಅದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಇನ್ನು ಕೋಚ್. ಜೆಲ್ಕೊ ಒಬ್ರಾಡೊವಿಚ್. 1991ರ ಬೇಸಿಗೆಯವರೆಗೆ ಅವರೂ ಪಾರ್ಟಿಜಾನ್‌ನ ಆಟಗಾರರೇ. ರೋಮ್‌ನಲ್ಲಿ ನಡೆಯಲಿದ್ದ ಯುರೋಪಿಯನ್ ಚಾಂಪಿಯನ್‌ಶಿಪ್‌ಗೆ ದೇಶದ ತಂಡದ ಜೊತೆ ತಯಾರಿಯಲ್ಲಿದ್ದರು. ಅಷ್ಟರಲ್ಲಿ ಕ್ಲಬ್‌ನಿಂದ ಕರೆ ಬಂತು, ಕೋಚ್ ಆಗ್ತೀರಾ ಅಂತ. ಆಟ ನಿಲ್ಲಿಸಿ ಹೊರಟರು. ನಿನ್ನೆ ಜೊತೆಯಲ್ಲಿ ಆಡಿದ ಹುಡುಗರಿಗೆ ಇವತ್ತು ಗುರು! ಕೋಚ್ ಆಗಿ ಒಂದು ದಿನದ ಅನುಭವವೂ ಇಲ್ಲ. ಅದಕ್ಕೇ ಪಕ್ಕದಲ್ಲಿ ಒಬ್ಬ ಹಿರಿಯರನ್ನು ಕೂರಿಸಿದರು. ಅವರು ಅಲೆಕ್ಸಾಂಡರ್ ನಿಕೊಲಿಚ್. ಯುಗೊಸ್ಲಾವ್ ಬ್ಯಾಸ್ಕೆಟ್‌ಬಾಲ್‌ಗೆ ಪಾಠ ಕಲಿಸಿದ ಮೇಷ್ಟ್ರು ಅಂತಲೇ ಅವರನ್ನು ನೆನೆಯುತ್ತಾರೆ. ಇವತ್ತು ಬೆಲ್‌ಗ್ರೇಡಿನ ಪಿಯೊನೀರ್ ಕ್ರೀಡಾಂಗಣಕ್ಕೆ ಅವರದೇ ಹೆಸರಿದೆ.

ಹದಿನಾರು ತಂಡ, ಎಂಟೆಂಟರ ಎರಡು ಗುಂಪು. ಒಬ್ಬೊಬ್ಬರಿಗೆ ಗುಂಪಿನಲ್ಲಿ 14 ಪಂದ್ಯ. ಅದರಲ್ಲಿ ಏಳು ತವರಿನಲ್ಲಿ, ಏಳು ಎದುರಾಳಿಗಳ ಊರಿನಲ್ಲಿ. ಪಾರ್ಟಿಜಾನ್‌ಗೆ ಹದಿನಾಲ್ಕೂ ಪಯಣವೇ. ಒಂದೂ ಬೆಲ್‌ಗ್ರೇಡಿನಲ್ಲಿ ಇಲ್ಲ.

ಆಗ ಫುಯೆನ್ಲಾಬ್ರಾಡಾದ ಜನ ಮಾಡಿದ ಕೆಲಸ ನನಗೆ ತುಂಬಾ ದೊಡ್ಡದು ಅನ್ನಿಸುತ್ತದೆ. ಅವರಿಗೆ ಈ ತಂಡ ಯಾವ ಲೆಕ್ಕದಲ್ಲೂ ಸಂಬಂಧಪಟ್ಟಿದ್ದಲ್ಲ. ಭಾಷೆ ಬೇರೆ. ಹೆಸರುಗಳು ನಾಲಿಗೆಗೆ ಹೊರಳುವುದಿಲ್ಲ. ಸುಮ್ನೆ ಒಂದು ಕ್ರೀಡಾಂಗಣ ಬಾಡಿಗೆಗೆ ಕೊಟ್ಟು ಮನೆಯಲ್ಲಿ ಕೂರಬಹುದಿತ್ತು, ಅಲ್ವಾ? ಕೂರಲಿಲ್ಲ. ಬಂದರು. ಕೂಗಿದರು. ಕಪ್ಪು ಬಿಳಿ ಬಟ್ಟೆಯ ಈ ಹುಡುಗರನ್ನು ನಮ್ಮವರು ಅಂದುಕೊಂಡರು. 'ಫುಯೆನ್ಲಾಬ್ರಾಡಾದ ಪಾರ್ಟಿಜಾನ್' ಅಂತ ಹೆಸರೇ ಬಿದ್ದುಹೋಯಿತು. ಮನೆ ಬಿಟ್ಟು ಬಂದವರಿಗೆ ಜಗಲಿಯಲ್ಲಿ ಜಾಗ ಕೊಟ್ಟವರು ಹಲವರಿರುತ್ತಾರೆ. ಇವರು ನಡುಮನೆಗೇ ಕರೆದುಕೊಂಡರು.

ಗುಂಪಿನಲ್ಲಿ ಪಾರ್ಟಿಜಾನ್ ನಾಲ್ಕನೆಯ ಸ್ಥಾನಕ್ಕೆ ಬಂತು. ಮುಂದಕ್ಕೆ ಹೋಗುವುದು ನಾಲ್ಕೇ ತಂಡ. ಅಂದರೆ ಕೊನೆಯ ಬಾಗಿಲು ಮುಚ್ಚುವುದರೊಳಗೆ ನುಸುಳಿದರು.

ಕ್ವಾರ್ಟರ್ ಫೈನಲ್‌ನಲ್ಲಿ ಇಟಲಿಯ ಬೊಲೋನ್ಯಾ ತಂಡ. ಮೂರರಲ್ಲಿ ಎರಡು ಗೆಲ್ಲಬೇಕು. ಮೊದಲ ಪಂದ್ಯ ಬೆಲ್‌ಗ್ರೇಡಿನಲ್ಲೇ ಆಡಲು ಅನುಮತಿ ಸಿಕ್ಕಿತು. ಇಡೀ ಸೀಸನ್‌ನಲ್ಲಿ ಪಾರ್ಟಿಜಾನ್ ಸ್ವಂತ ಊರಿನಲ್ಲಿ ಆಡಿದ ಯುರೋಪಿಯನ್ ಪಂದ್ಯ ಅದೊಂದೇ. ಗೆದ್ದರು. ಎರಡನೆಯದು ಬೊಲೋನ್ಯಾದಲ್ಲಿ, ಸೋತರು. ಮೂರನೆಯದೂ ಅಲ್ಲೇ, ಗೆದ್ದರು.

ಆ ಬೊಲೋನ್ಯಾ ತಂಡದಲ್ಲಿ ಒಬ್ಬ ಆಟಗಾರ ಇದ್ದರು. ಯೂರೆ ಜ್ಡೋವ್ಟ್ಸ್. ಸ್ಲೊವೇನಿಯಾದವರು. ಹಿಂದಿನ ವರ್ಷ ಜೂನ್‌ನಲ್ಲಿ ರೋಮ್‌ನಲ್ಲಿ ಇವರು, ಜೋರ್ಜೆವಿಚ್, ಡ್ಯಾನಿಲೊವಿಚ್ ಎಲ್ಲ ಒಂದೇ ಯುಗೊಸ್ಲಾವ್ ತಂಡದಲ್ಲಿ ಆಡುತ್ತಿದ್ದರು. ಪಂದ್ಯಾವಳಿ ನಡೆಯುತ್ತಿದ್ದಾಗಲೇ ಸ್ಲೊವೇನಿಯಾ ಸ್ವಾತಂತ್ರ್ಯ ಘೋಷಿಸಿತು. ಇನ್ನು ಆ ತಂಡಕ್ಕೆ ಆಡಬೇಡಿ ಅಂತ ಅವರ ಸರ್ಕಾರದಿಂದ ಸೂಚನೆ ಬಂತು. ಸೆಮಿಫೈನಲ್‌ಗೆ ಮುಂಚೆ ಜ್ಡೋವ್ಟ್ಸ್ ಗೆಳೆಯರನ್ನು ಬಿಟ್ಟು ಹೊರಟರು. ಉಳಿದವರು ಚಿನ್ನ ಗೆದ್ದರು. ವರ್ಷ ತುಂಬುವ ಮೊದಲೇ ಈ ಕ್ವಾರ್ಟರ್ ಫೈನಲ್‌ನಲ್ಲಿ ಎದುರುಬದುರು ನಿಂತರು. ಆಟ ಶುರುವಾಗುವ ಮುಂಚೆ ಕೈ ಕುಲುಕುತ್ತಾರಲ್ಲ, ಆ ಹೊತ್ತನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ.

ಕೊನೆಯ ನಾಲ್ಕು ತಂಡಗಳ ಪಂದ್ಯಗಳು 1992ರ ಏಪ್ರಿಲ್‌ನಲ್ಲಿ ಇಸ್ತಾಂಬುಲ್‌ನಲ್ಲಿ ನಡೆದವು. ಸೆಮಿಫೈನಲ್‌ನಲ್ಲಿ ಪಾರ್ಟಿಜಾನ್ ಇಟಲಿಯ ಮಿಲಾನೊ ತಂಡವನ್ನು 82–75ರಿಂದ ಸೋಲಿಸಿತು. ಇನ್ನೊಂದು ಕಡೆ ಸ್ಪೇನಿನ ಎರಡು ತಂಡ. ಬಡಲೋನಾ ಊರಿನ ಜೊವೆಂತುತ್ ತಂಡ ಮ್ಯಾಡ್ರಿಡ್‌ನ ಎಸ್ತುದಿಯಾಂತೆಸ್ ತಂಡವನ್ನು ಸುಲಭವಾಗಿ ಸೋಲಿಸಿತು.

ಫೈನಲ್ 16ನೇ ತಾರೀಕು. ಅದಕ್ಕೆ ಸುಮಾರು ಹತ್ತು ದಿನ ಮುಂಚೆ ಬೋಸ್ನಿಯಾದ ಸರಾಯೆವೊ ನಗರಕ್ಕೆ ಮುತ್ತಿಗೆ ಶುರುವಾಗಿತ್ತು. ಡ್ಯಾನಿಲೊವಿಚ್ ಹುಟ್ಟಿದ್ದು ಸರಾಯೆವೊದಲ್ಲೇ. ಆ ಊರಿನ ಬೋಸ್ನಾ ಕ್ಲಬ್ 1979ರಲ್ಲಿ ಇದೇ ಯುರೋಪಿಯನ್ ಕಪ್ ಗೆದ್ದಿತ್ತು. ಹುಟ್ಟಿದ ಊರಿನ ಮೇಲೆ ಗುಂಡು ಬೀಳುತ್ತಿರುವಾಗ ಅವರು ಇಸ್ತಾಂಬುಲ್‌ನ ಮರದ ಅಂಕಣದ ಮೇಲೆ ಇಳಿದರು. 25 ಪಾಯಿಂಟ್ ಹೊಡೆದರು. ಇಸ್ತಾಂಬುಲ್‌ನ ಆ ಕೊನೆಯ ಹಂತದ ಶ್ರೇಷ್ಠ ಆಟಗಾರ ಅಂತ ಆರಿಸಿದ್ದು ಅವರನ್ನೇ. ಜೋರ್ಜೆವಿಚ್ 23. ತಂಡದ ಒಟ್ಟು 71ರಲ್ಲಿ ಇವರಿಬ್ಬರದೇ 48.

ಕೊನೆಯ ಗಳಿಗೆಗೆ ಬರೋಣ. ಇನ್ನು ಹತ್ತು ಸೆಕೆಂಡಿನ ಆಸುಪಾಸು ಇದೆ. ಜೊವೆಂತುತ್‌ನ ತೊಮಾಸ್ ಜೊಫ್ರೆಸಾ ಚೆಂಡು ಬುಟ್ಟಿಗೆ ಹಾಕುತ್ತಾರೆ. ಈಗ ಜೊವೆಂತುತ್ 70, ಪಾರ್ಟಿಜಾನ್ 68. ಬಡಲೋನಾದವರ ಬೆಂಚು ಎದ್ದು ನಿಂತಿದೆ.

ಇಲ್ಲಿ ಒಂದು ಸಂಗತಿ ಗೊತ್ತಿರಬೇಕು. ಆಗಿನ ನಿಯಮದಲ್ಲಿ ಬುಟ್ಟಿ ಬಿದ್ದರೂ ಗಡಿಯಾರ ನಿಲ್ಲುತ್ತಿರಲಿಲ್ಲ. ಈಗ ಕೊನೆಯ ನಿಮಿಷಗಳಲ್ಲಿ ನಿಲ್ಲುತ್ತದೆ. ಆಗ ಓಡುತ್ತಲೇ ಇರುತ್ತಿತ್ತು. ಚೆಂಡು ಬಲೆಯಿಂದ ಕೆಳಗೆ ಬೀಳುವಷ್ಟರಲ್ಲಿ ಸೆಕೆಂಡುಗಳು ಸೋರಿಹೋಗುತ್ತಿವೆ. ಪಾರ್ಟಿಜಾನ್‌ನ ಕೊಪ್ರಿವಿತ್ಸಾ ಚೆಂಡು ಎತ್ತಿಕೊಂಡು ಗೆರೆಯಾಚೆಯಿಂದ ಜೋರ್ಜೆವಿಚ್ ಕೈಗೆ ಕೊಡುತ್ತಾರೆ. ಜೋರ್ಜೆವಿಚ್ ಕೋಚ್ ಕಡೆ ತಿರುಗಿ ನೋಡುವುದಿಲ್ಲ. ಓಟ. ಅಂಕಣದ ಈ ತುದಿಯಿಂದ ಆ ತುದಿಗೆ. ಅರ್ಧಗೆರೆ ದಾಟಿತು. ಎದುರಾಳಿ ಮೈಗೆ ಅಂಟಿಕೊಂಡೇ ಬರುತ್ತಿದ್ದಾರೆ. ಎರಡು ಪಾಯಿಂಟ್ ಹೊಡೆದರೆ ಸಮ, ಹೆಚ್ಚುವರಿ ಆಟ. ಅದು ಎಚ್ಚರಿಕೆಯ ದಾರಿ. ಜೋರ್ಜೆವಿಚ್ ಮೂರು ಪಾಯಿಂಟ್ ಗೆರೆಯ ಹೊರಗೇ ಎಗರಿದರು. ಕಾಲು ಊರಿ, ನಿಂತು, ಗುರಿ ಹಿಡಿದು ಎಸೆದದ್ದಲ್ಲ. ಓಟದ ರಭಸ ಇನ್ನೂ ಮೈಯಲ್ಲಿತ್ತು. ಮೈ ಗಾಳಿಯಲ್ಲಿ ಒಂದು ಕಡೆ ವಾಲುತ್ತಿತ್ತು. ಕೈ ಮಾತ್ರ ನೆಟ್ಟಗೆ ರಿಂಗಿನ ಕಡೆ.

ಚೆಂಡು ಒಳಗೆ ಬಿತ್ತು. 71–70.

ಉಳಿದ ಕೆಲವೇ ಕ್ಷಣಗಳಲ್ಲಿ ಜೊವೆಂತುತ್‌ಗೆ ಏನೂ ಮಾಡಲಾಗಲಿಲ್ಲ. ಈ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಫಲಿತಾಂಶ ಗೊತ್ತು. ಆದರೂ ಅವರು ಎಗರಿದಾಗ ಪ್ರತಿ ಸಲ ಉಸಿರು ಬಿಗಿಹಿಡಿಯುತ್ತೇನೆ.

ಎಲ್ಲರೂ ನೆನಪಿಟ್ಟುಕೊಂಡಿರುವುದು ಆ ಒಂದು ಎಸೆತವನ್ನು. ತಪ್ಪೇನಿಲ್ಲ. ಆದರೆ ನನ್ನ ಮಟ್ಟಿಗೆ ಆ ಎಸೆತಕ್ಕೆ ಬಲ ಬಂದದ್ದು ಅಷ್ಟೂ ತಿಂಗಳ ಅಲೆದಾಟದಿಂದ. ತವರಿನ ಕೂಗಿಗೆ ಒಗ್ಗಿಕೊಂಡ ತಂಡಗಳು ಹೊರಗೆ ಹೋದಾಗ ಕುಗ್ಗುತ್ತವೆ. ಈ ಹುಡುಗರಿಗೆ ಯಾವ ಊರಾದರೂ ಒಂದೇ ಆಗಿಹೋಗಿತ್ತು. ಬೊಲೋನ್ಯಾದ ಕೊನೆಯ ಪಂದ್ಯದಲ್ಲಿ, ಇಸ್ತಾಂಬುಲ್‌ನ ಕೊನೆಯ ಸೆಕೆಂಡುಗಳಲ್ಲಿ ಅವರ ಕೈ ನಡುಗಲಿಲ್ಲ.

ಬಡಲೋನಾದವರ ಬಗ್ಗೆಯೂ ಹೇಳಲೇಬೇಕು. ಒಂದು ಪಾಯಿಂಟ್‌ನಿಂದ ಕಪ್ ಕೈಜಾರಿದವರು ಅವರು. ತೊಮಾಸ್ ಜೊಫ್ರೆಸಾ, ಅವರ ಅಣ್ಣ ರಾಫಾ, ಜೋರ್ಡಿ ವಿಯಾಕಾಂಪಾ. ಇದಾಗಿ ಎರಡು ವರ್ಷಕ್ಕೆ, 1994ರಲ್ಲಿ, ಜೊವೆಂತುತ್ ಮತ್ತೆ ಫೈನಲ್‌ಗೆ ಬಂತು. ಈ ಸಲ ಟೆಲ್ ಅವೀವ್‌ನಲ್ಲಿ, ಗ್ರೀಸ್‌ನ ಒಲಿಂಪಿಯಾಕೋಸ್ ಎದುರು. ಕೊನೆಗಳಿಗೆಯಲ್ಲಿ ಕಾರ್ನಿ ಥಾಂಪ್ಸನ್ ಅವರ ಒಂದು ಮೂರು ಪಾಯಿಂಟ್ ಎಸೆತ ಬಿತ್ತು. 59–57. ಜೊವೆಂತುತ್ ಚಾಂಪಿಯನ್. ಅವರ ಕೋಚ್ ಯಾರು ಗೊತ್ತಾ? ಒಬ್ರಾಡೊವಿಚ್! ಯಾರಿಂದ ಕಪ್ ಕಿತ್ತುಕೊಂಡಿದ್ದರೋ ಅವರಿಗೇ ತಂದುಕೊಟ್ಟರು. ಆಮೇಲೆ ಅವರು ರಿಯಲ್ ಮ್ಯಾಡ್ರಿಡ್, ಪನಾಥಿನೈಕೋಸ್, ಫೆನೆರ್‌ಬಾಚೆ ತಂಡಗಳ ಜೊತೆಗೂ ಗೆದ್ದು ಒಟ್ಟು ಒಂಬತ್ತು ಸಲ ಯುರೋಪಿನ ಚಾಂಪಿಯನ್ ಕೋಚ್ ಆದರು. ಒಂಬತ್ತನೆಯದು 2017ರಲ್ಲಿ, ಮತ್ತೆ ಇಸ್ತಾಂಬುಲ್‌ನಲ್ಲೇ.

ಹುಡುಗರು ಚದುರಿಹೋದರು. ಜೋರ್ಜೆವಿಚ್ ಮಿಲಾನೊಗೆ, ಡ್ಯಾನಿಲೊವಿಚ್ ಬೊಲೋನ್ಯಾಗೆ. ಇವರು ಸೋಲಿಸಿದ್ದ ತಂಡಗಳೇ ಇವರನ್ನು ಕರೆದುಕೊಂಡವು. ಜ್ಡೋವ್ಟ್ಸ್ ಫ್ರಾನ್ಸಿನ ಲಿಮೋಜ್‌ಗೆ ಹೋದರು. 1993ರ ಕಪ್ ಆ ಲಿಮೋಜ್‌ನದೇ ಆಯಿತು.

ಮತ್ತೆ ಪಾರ್ಟಿಜಾನ್? 1992ರ ಮೇ 30ರಂದು ವಿಶ್ವಸಂಸ್ಥೆ ಯುಗೊಸ್ಲಾವಿಯದ ಮೇಲೆ ನಿರ್ಬಂಧ ಹೇರಿತು. ವ್ಯಾಪಾರದ ಜೊತೆಗೆ ಕ್ರೀಡೆಗೂ ಅದು ಅನ್ವಯವಾಯಿತು. ದೇಶದ ತಂಡ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಹೋಗಲಿಲ್ಲ. ಅವರು ಮತ್ತೆ ಅಂಕಣಕ್ಕಿಳಿದದ್ದು 1995ರಲ್ಲಿ, ಅಥೆನ್ಸ್‌ನಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಶಿಪ್‌ಗೆ. ಅದರ ಫೈನಲ್‌ನಲ್ಲಿ ಲಿಥುವೇನಿಯ ಎದುರು ಜೋರ್ಜೆವಿಚ್ ಒಬ್ಬರೇ 41 ಪಾಯಿಂಟ್ ಹೊಡೆದರು.

ಆದರೆ 1992ರ ಶರತ್ಕಾಲದಲ್ಲಿ ಹೊಸ ಲೀಗ್ ಶುರುವಾದಾಗ ಅದರಲ್ಲಿ ಹಾಲಿ ಚಾಂಪಿಯನ್ನರೇ ಇರಲಿಲ್ಲ. ಬೆಲ್‌ಗ್ರೇಡಿನ ಪಿಯೊನೀರ್‌ನಲ್ಲಿ ಯುರೋಪಿಯನ್ ಪಂದ್ಯ ಇಲ್ಲ. ಫರ್ನಾಂಡೋ ಮಾರ್ಟಿನ್ ಅವರ ಹೆಸರಿನ ಆ ಕ್ರೀಡಾಂಗಣ ಅಲ್ಲೇ ಇತ್ತು. ಕಪ್ ಗೆದ್ದ ಮೇಲೆ ಒಮ್ಮೆ ಬಂದು ಆಡಿ ತೋರಿಸೋಣ ಅಂದರೆ, ಆ ಎರವಲು ಅಂಗಳಕ್ಕೂ ಪಾರ್ಟಿಜಾನ್ ಬರುವಂತಿರಲಿಲ್ಲ.

ನಮಸ್ಕಾರ.