ಜನರೇಟರ್ ಜಗಲಿ ಮೇಲೆ ಬೇಡ, ಅಂಗಳಕ್ಕೆ ಇಳಿಸಿ

ನಮಸ್ಕಾರ ಎಲ್ಲರಿಗೂ. ಇವತ್ತು ಬೇರೆ ವಿಷಯ ಇತ್ತು, ಅದನ್ನು ಪಕ್ಕಕ್ಕಿಟ್ಟಿದ್ದೇನೆ. ಹೋದ ವಿಡಿಯೋ ಕೆಳಗೆ ಬಂದ ಒಂದು ಕಾಮೆಂಟ್ ನೋಡಿ ತಲೆ ಕೆಟ್ಟುಹೋಯಿತು. 'ಮಳೆಗಾಲದಲ್ಲಿ ನಾವು ಜನರೇಟರ್ ಜಗಲಿ ಮೇಲೇ ಓಡಿಸ್ತೀವಿ, ಕಿಟಕಿ ತೆಗೆದಿರುತ್ತೆ, ಇಷ್ಟು ವರ್ಷ ಏನೂ ಆಗಿಲ್ಲ.' ಅದಕ್ಕೆ ಲೈಕ್ ಬೇರೆ!

ಮಲೆನಾಡಿನ ಕಷ್ಟ ಗೊತ್ತಿಲ್ಲದೆ ಮಾತಾಡುತ್ತಿಲ್ಲ. ಜುಲೈನಲ್ಲಿ ಗಾಳಿ ಎದ್ದರೆ ಲೈನ್ ಮೇಲೆ ಮರ ಬೀಳುತ್ತದೆ, ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಪೆಟ್ರೋಲ್ ಜನರೇಟರ್ ಬೇಕೇ ಬೇಕು. ಆದರೆ ಅದರ ಜಾಗ ಅಂಗಳ. ಮನೆಯಿಂದ ಕಡಿಮೆ ಅಂದರೂ 20 ಅಡಿ ದೂರ, ಸೈಲೆನ್ಸರ್ ಬಾಯಿ ಮನೆಗೆ ಬೆನ್ನು ಹಾಕಿರಬೇಕು.

ಯಾಕೆ ಅಂದರೆ ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ, ಮೈಗೆ ಆಮ್ಲಜನಕ ಸಿಗುವುದಿಲ್ಲ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ಹೊಟ್ಟೆ ತೊಳಸಿದ ಹಾಗೆ. ಥಂಡಿ ಆಗಿರಬೇಕು ಅಂತ ಕಂಬಳಿ ಹೊದ್ದು ಮಲಗುತ್ತೀರಿ. ಹಾಗೆ ಮಲಗಿದವರು ಎಷ್ಟೋ ಜನ ಏಳಲೇ ಇಲ್ಲ.

ಕಿಟಕಿ ತೆಗೆದಿದೆ ಅಂತೀರಲ್ಲ, ಹೊಗೆ ಆ ಕಿಟಕಿಯಿಂದ ಹೊರಗೇ ಹೋಗುತ್ತದೆ ಅಂತ ಯಾರು ಹೇಳಿದ್ದು? ಗಾಳಿ ಒಳಮುಖ ಬೀಸಿದರೆ ಹೊಗೆಯೂ ಒಳಗೇ. ಇನ್ನೊಬ್ಬರು ಫ್ಯಾನ್ ಹಾಕಿಕೊಳ್ಳುತ್ತಾರಂತೆ. ಫ್ಯಾನ್ ಆ ಗ್ಯಾಸನ್ನು ಮನೆಯಿಡೀ ಹರಡುತ್ತದೆ ಅಷ್ಟೇ. ಅಂಗಳಕ್ಕೆ ಇಳಿಸಿ ಅಂದರೆ ಇಳಿಸಿ!

'ಮಳೆಯಲ್ಲಿ ಶಾಕ್ ಹೊಡೆಯಲ್ವಾ?' ಹೊಡೆಯುತ್ತದೆ. ಅದಕ್ಕೇ ಮಳೆ ಹಿಡಿಯುವ ಮೊದಲೇ ತಯಾರಿ ಮಾಡಿಕೊಳ್ಳಿ ಅನ್ನುವುದು. ನಾಲ್ಕು ಕಂಬ ನೆಟ್ಟು ಮೇಲೊಂದು ತಗಡು ಹಾಕಿ, ಸುತ್ತ ಗೋಡೆ ಬೇಡ, ಕೆಳಗೆ ನೀರು ನಿಲ್ಲದ ಸಮತಟ್ಟು ಚಪ್ಪಡಿ ಇರಲಿ. ವೈರ್ ಸಾಲದು ಅಂತ ಜನರೇಟರನ್ನು ಬಾಗಿಲಿಗೆ ಎಳೆಯಬೇಡಿ. 2.5 ಸ್ಕ್ವೇರ್ ಎಂಎಂ ಮೂರು ಕೋರ್ ತಾಮ್ರದ ವೈರ್ ಉದ್ದಕ್ಕೇ ತನ್ನಿ. ಡಿಪ್‌ಸ್ಟಿಕ್ ಎಳೆದು ಒರೆಸಿ ಆಯಿಲ್ ನೋಡಿ. ಪೆಟ್ರೋಲ್ ಹಾಕುವುದು ಇಂಜಿನ್ ತಣ್ಣಗಾದ ಮೇಲೆ ಮಾತ್ರ, ಅದೂ ಕಂಠಪೂರ್ತಿ ಬೇಡ.

ಎರಡೂ ತುದಿಗೆ ಪಿನ್ ಇರುವ ವೈರ್ ಮಾಡಿ ಜನರೇಟರ್‌ನಿಂದ ನೇರ ಗೋಡೆ ಸಾಕೆಟ್‌ಗೆ ಚುಚ್ಚುವವರೂ ಇದ್ದಾರೆ. ಆ 230 ವೋಲ್ಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಹಿಂದಕ್ಕೆ ಹೋಗಿ 11,000 ಆಗುತ್ತದೆ, ನಿಮ್ಮ ಲೈನ್ ಸರಿಮಾಡಲು ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ಜೀವ ಹೋಗುತ್ತದೆ. ಅದಕ್ಕೆ ಬೇಕಾದದ್ದು ಚೇಂಜ್‌ಓವರ್ ಸ್ವಿಚ್, ಅಂದರೆ ಲೈನ್ ಕರೆಂಟ್, ಜನರೇಟರ್ ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಕೊಡುವ ಸ್ವಿಚ್; ಅದನ್ನು ಹಾಕಿಸುವುದು ಹೇಗೆ ಅಂತ ಮುಂದಿನ ವಿಡಿಯೋ, ಬೆಲ್ ಒತ್ತಿ ಇಟ್ಟುಕೊಳ್ಳಿ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿ.

ಈಗ ಯಾರೋ 'ಅಣ್ಣ, ನಮ್ಮ ಕೊಟ್ಟಿಗೆಗೆ ಬಾಗಿಲೇ ಇಲ್ಲ, ಅಲ್ಲಿ ಇಡಬಹುದಾ' ಅಂತ ಬರೆಯುತ್ತಾರೆ. ಕೊಟ್ಟಿಗೆಯಲ್ಲಿ ದನ ಕಟ್ಟಿರುತ್ತೀರಲ್ರೀ, ಅವಕ್ಕೆ ಉಸಿರು ಬೇಡವಾ? ಜಗಲಿ ಬೇಡ, ಕೊಟ್ಟಿಗೆ ಬೇಡ, ಶಟರ್ ಅರ್ಧ ಎಳೆದ ಅಂಗಡಿಯೂ ಬೇಡ. ಅಂಗಳ! ಕಾಮೆಂಟ್ ಹಾಕಿದವರೇ, ಸುಮ್ನೆ ವಾದ ಬೇಡ, ಇವತ್ತೇ ಇಳಿಸಿ, ಫೋಟೋ ಕಳಿಸಿ, ಮುಂದಿನ ವಿಡಿಯೋದಲ್ಲಿ ಮೊದಲು ಅದನ್ನೇ ತೋರಿಸುತ್ತೇನೆ.