ಉಮೇದುವಾರರು ಮೊದಲು ಓದಬೇಕಾದ ಪುಸ್ತಕ

ಕೇಳುಗರಿಗೆ ನಮಸ್ಕಾರ.

ಮಂಡ್ಯದಲ್ಲಿ ನಗರಸಭೆಯ ಚುನಾವಣೆ ಬಂತೆಂದರೆ, ಪೇಟೆ ಬೀದಿಯಿಂದ ಹೊಸಹಳ್ಳಿಯವರೆಗೆ, ಕೈಮುಗಿದು ನಿಂತವರ ಚಿತ್ರಗಳುಳ್ಳ ಕರಪತ್ರಗಳು ಮನೆಬಾಗಿಲಿಗೆ ಬಂದು ಬೀಳುತ್ತವೆ. ಅವುಗಳಲ್ಲಿ ರಸ್ತೆಯುಂಟು, ಬೀದಿದೀಪವುಂಟು, ವಾರ್ಡಿನ ಮುಂಬಾಗಿಲಿಗೊಂದು ಸ್ವಾಗತ ಕಮಾನೂ ಉಂಟು; ಇವಕ್ಕೆಲ್ಲ ಹಣ ಎಲ್ಲಿಂದ ಬರುತ್ತದೆ ಎಂಬ ಒಂದು ಸಾಲನ್ನು ಮಾತ್ರ ನಾನು ಯಾವ ಕರಪತ್ರದಲ್ಲಿಯೂ ಓದಿದ ನೆನಪಿಲ್ಲ. ಮತ ಕೇಳಲು ಹೊರಡುವವರು ಮೊದಲು ಓದಬೇಕಾದದ್ದು ನಗರಸಭೆಯ ಆಯವ್ಯಯದ ಪುಸ್ತಕವನ್ನು ಎಂಬುದು ನನ್ನ ಅಭಿಪ್ರಾಯ.

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ನಗರಾಡಳಿತಗಳಿಗೆ ವಹಿಸಬಹುದಾದ 18 ವಿಷಯಗಳನ್ನು 12ನೇ ಅನುಸೂಚಿಯಲ್ಲಿ ಪಟ್ಟಿ ಮಾಡಿತು. ಜವಾಬ್ದಾರಿ ದೊಡ್ಡದು, ಕೈಗೆ ಬರುವ ಹಣವಾದರೋ ಬಹುಮಟ್ಟಿಗೆ ಕಟ್ಟುಪಾಡಿನದು. 15ನೇ ಹಣಕಾಸು ಆಯೋಗವು ನಮ್ಮಂಥ ಊರುಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇಕಡಾ 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟಿಹಾಕಿತ್ತು. ನಗರಸಭೆಯ ಸ್ವಂತ ಸಂಪನ್ಮೂಲದಲ್ಲಿಯೂ ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಶೇ. 24.10, ಇತರ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5 ಮೀಸಲಿಡಬೇಕು. ಈ ಹಣ ವರ್ಷದ ಕೊನೆಯವರೆಗೂ ಖರ್ಚಾಗದೆ ಉಳಿದರೆ ಅದನ್ನು ಉಳಿತಾಯವೆನ್ನಲಾಗದು, ತಪ್ಪೆನ್ನಬೇಕು. ಆದ್ದರಿಂದ ಉಮೇದುವಾರರು ತಮ್ಮ ಇಚ್ಛೆಯಂತೆ ಕಮಾನು ಕಟ್ಟಿಸುತ್ತೇನೆ ಎನ್ನುವಾಗ, ಅವರು ಕೈಹಾಕುವುದು ಆಸ್ತಿ ತೆರಿಗೆ, ನೀರಿನ ಕಂದಾಯ, ಮಳಿಗೆಗಳ ಬಾಡಿಗೆ ಇವುಗಳಿಂದ ಕೂಡಿದ ಸಣ್ಣ ಗಂಟಿಗೆ. ಏಪ್ರಿಲ್ ತಿಂಗಳಿನಲ್ಲಿಯೇ ಆಸ್ತಿ ತೆರಿಗೆ ಕಟ್ಟಿದರೆ ಶೇ. 5 ರಿಯಾಯಿತಿ ದೊರೆಯುತ್ತದೆ; ಮತ ಕೇಳಲು ಬರುವವರು ತಮ್ಮ ಮನೆಯ ಆ ರಸೀದಿಯನ್ನು ತೋರಿಸಿ ಮಾತು ಆರಂಭಿಸಿದರೆ, ಕಂದಾಯ ಏರಿಸುವುದಿಲ್ಲ ಎಂಬ ಭರವಸೆಗಿಂತ ಅದನ್ನೇ ನಾನು ಹೆಚ್ಚು ನಂಬುತ್ತೇನೆ.

ಇನ್ನು ನೀರಿನ ವಿಷಯ. ನಮ್ಮ ಬೀದಿಯ ತಿರುವಿನಲ್ಲಿ ವಾಲ್ವಿನ ಗುಂಡಿಯೊಂದಿದೆ. ನೀರು ಬಿಡುವ ದಿನ ಬೆಳಗಿನ ಜಾವ ವಾಟರ್‌ಮನ್ ಸೈಕಲ್ಲನ್ನು ಗೋಡೆಗೆ ಒರಗಿಸಿ, ಕಲ್ಲುಚಪ್ಪಡಿಯನ್ನು ಸರಿಸಿ, ಉದ್ದನೆಯ ಕಬ್ಬಿಣದ ಕೀಲಿಯನ್ನು ಇಳಿಬಿಟ್ಟು ತಿರುಗಿಸುತ್ತಾರೆ. ಮನೆಗಳ ನಲ್ಲಿಗೆ ನೀರು ತಲುಪುವ ಮೊದಲೇ ವಾಲ್ವಿನ ಕತ್ತಿನಿಂದ ಜಿನುಗಿದ ನೀರು ಗುಂಡಿಯನ್ನು ತುಂಬಿ, ಚರಂಡಿಯ ದಾರಿ ಹಿಡಿದಿರುತ್ತದೆ. ಪೋಲಾದ ನೀರಿಗಿಂತ ಹೆಚ್ಚಿನ ಅಪಾಯ ಆಮೇಲಿನದು: ನೀರು ನಿಂತು ಪೈಪಿನೊಳಗಿನ ಒತ್ತಡ ಇಳಿದಾಗ, ಗುಂಡಿಯಲ್ಲಿ ಮಡುಗಟ್ಟಿದ ಕೊಳೆನೀರು ಅದೇ ಸಂದಿನಿಂದ ಒಳಕ್ಕೆ ಹೋಗಬಹುದು, ಮರುದಿನ ಅದು ಅಡುಗೆಮನೆಯ ಬಿಂದಿಗೆಗೆ ಬರಬಹುದು. ವಾಲ್ವಿನ ಕತ್ತಿನಲ್ಲಿ ಸೋರಿಕೆ ತಡೆಯುವ ಪ್ಯಾಕಿಂಗ್ ಸವೆದಿದ್ದರೆ, ಅದನ್ನು ಬದಲಿಸುವುದು ಅರ್ಧ ದಿನದ ಕೆಲಸ. ಅದಕ್ಕೆ ಯಾರೂ ಉದ್ಘಾಟನೆಯ ಕಲ್ಲು ನೆಡಿಸುವುದಿಲ್ಲವಾದ್ದರಿಂದಲೋ ಏನೋ, ಅದು ಉಳಿದೇ ಹೋಗುತ್ತದೆ.

ಕನ್ನಂಬಾಡಿ ಅಣೆಕಟ್ಟೆಯಲ್ಲಿ ನೀರು ಪೂರ್ಣ ಮಟ್ಟವಾದ 124.80 ಅಡಿ ಮುಟ್ಟಿತೇ ಎಂದು ಮಳೆಗಾಲವಿಡೀ ಪತ್ರಿಕೆಯಲ್ಲಿ ಹುಡುಕುವ ಜನ ನಾವು. ನಮ್ಮದೇ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕಾವೇರಿ ಏರಿಹೋಗುವುದನ್ನು ಕಂಡವರು. ಅಣೆಕಟ್ಟೆಯ ಲೆಕ್ಕ ಇಷ್ಟು ಬಾಯಿಪಾಠವಾಗಿರುವ ನಮಗೆ, ಬೀದಿಯ ಓವರ್‌ಹೆಡ್ ಟ್ಯಾಂಕಿನಿಂದ ಎಷ್ಟು ನೀರು ಹೊರಟಿತು, ಮನೆಗಳಿಗೆ ಎಷ್ಟು ಮುಟ್ಟಿತು ಎಂಬ ಲೆಕ್ಕವೂ ಬೇಕು. ಪ್ರತಿಯೊಂದು ಟ್ಯಾಂಕಿಗೂ ಮೀಟರ್ ಹಾಕಿಸಿ, ತಿಂಗಳ ಅಂಕಿಗಳನ್ನು ಸಭೆಯ ಮುಂದಿಡುತ್ತೇನೆ ಎನ್ನುವ ಉಮೇದುವಾರರಿಗೆ ನನ್ನ ಮತ ಸುಲಭವಾಗಿ ದೊರೆಯುತ್ತದೆ. ರಸ್ತೆಯ ಮಾತೂ ಇದಕ್ಕೆ ಸೇರಿದ್ದೇ. ನಮ್ಮ ರಸ್ತೆಗೆ ಡಾಂಬರು ಬಿದ್ದ ತಿಂಗಳೊಳಗೆ ಪೈಪಿಗಾಗಿ ಅದನ್ನು ಅಗೆದು ಹೋದರು. ಪೈಪು, ಒಳಚರಂಡಿ, ಕೇಬಲ್ಲು ಮುಗಿದ ಮೇಲೆ ಡಾಂಬರು ಎಂಬ ಕ್ರಮವನ್ನು ಪಾಲಿಸಲು ಹೊಸ ಅನುದಾನವೇನೂ ಬೇಕಾಗುವುದಿಲ್ಲ.

ಕಸದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಸಿ ಕಸ, ಒಣ ಕಸವನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು 2016ರ ನಿಯಮಗಳೇ ಹೇಳಿದವು. ಕಬ್ಬಿನ ಹಾಲಿನ ಅಂಗಡಿಗಳ ಸಿಪ್ಪೆಯೂ ತರಕಾರಿಯ ಕಸವೂ ಪ್ಲಾಸ್ಟಿಕ್ಕಿನೊಡನೆ ಬೆರೆಯದಿದ್ದರೆ, ಅಂಚಿನಲ್ಲೇ ಗದ್ದೆಗಳಿರುವ ಈ ಊರಿನಲ್ಲಿ ಗೊಬ್ಬರಕ್ಕೆ ಗಿರಾಕಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಆದರೆ ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸುವುದನ್ನು ತಡೆಯಲು 2013ರ ಕಾಯ್ದೆಯಿದ್ದರೂ, ಗುತ್ತಿಗೆದಾರರ ಮೇಲೆ ಕಣ್ಣಿಡಬೇಕಾದವರು ವಾರ್ಡಿನ ಸದಸ್ಯರೇ. ಪೌರಕಾರ್ಮಿಕರ ಕೈಗವಸು, ಸಂಬಳದ ದಿನಾಂಕ ಇವುಗಳನ್ನು ವಿಚಾರಿಸದ ಸದಸ್ಯರು ಊರಿನ ಸ್ವಚ್ಛತೆಯ ಬಗ್ಗೆ ಮಾತನಾಡದಿರುವುದು ಮೇಲು.

ಸಂವಿಧಾನದ ಪ್ರಕಾರ ವಾರ್ಡ್ ಸಮಿತಿಗಳು ಕಡ್ಡಾಯವಾಗಿರುವುದು ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ. ಮಂಡ್ಯ ಅಷ್ಟು ದೊಡ್ಡದಲ್ಲ. ಹಾಗಾಗಿ ಪ್ರತಿ ಸಾಮಾನ್ಯ ಸಭೆಯ ನಂತರ ವಾರ್ಡಿನ ಅರಳಿಕಟ್ಟೆಯಲ್ಲಿಯೋ ಶಾಲೆಯ ಜಗಲಿಯಲ್ಲಿಯೋ ಕುಳಿತು, ಸಭೆಯಲ್ಲಿ ತಾವು ಕೇಳಿದ್ದೇನು, ಪೌರಾಯುಕ್ತರು ಉತ್ತರಿಸಿದ್ದೇನು ಎಂದು ಹೇಳುವುದನ್ನು ಸದಸ್ಯರು ತಾವಾಗಿಯೇ ರೂಢಿಸಿಕೊಳ್ಳಬೇಕು.

ಈ ಸಲ ಕರಪತ್ರ ಹಿಡಿದು ಬಂದವರಿಗೆ ಒಂದು ಲೋಟ ಕಾಫಿ ಕೊಟ್ಟು, ಬೀದಿಯ ತಿರುವಿನವರೆಗೆ ಕರೆದೊಯ್ದು, ಆ ಗುಂಡಿಯ ಚಪ್ಪಡಿಯನ್ನು ಸರಿಸಿ ತೋರಿಸಬೇಕೆಂದಿದ್ದೇನೆ. ಅವರು ನೀರು ಬಿಡುವ ದಿನವೇ ಬಂದರೆ ಇನ್ನೂ ಒಳ್ಳೆಯದು. ನಮಸ್ಕಾರ.